ಮಂಡಿ ಊತ ಇಳಿದಿದೆ, ಕಣ್ಣು ಕೆಂಪಾಗಿಲ್ಲ. ಆದರೂ ಮಗಳ ಕಣ್ಣು ಮೂರು ತಿಂಗಳಿಗೊಮ್ಮೆ ತೋರಿಸಬೇಕಾ?

ಬೇಕು. ಕೊಟ್ಟ ತಾರೀಖು ದಾಟಿದ್ದರೆ ಈ ವಾರವೇ ಹೋಗಿ. ಮಕ್ಕಳ ಕೀಲು ಉರಿಯೂತದ ಜೊತೆ ಕಣ್ಣಿನೊಳಗೂ ಸದ್ದಿಲ್ಲದೆ ಉರಿಯೂತ ಬರಬಹುದು. ಹೇಗೆ ಅಂತ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನೀವು ಬರೆದದ್ದು ಇಷ್ಟು. ಮಗಳಿಗೆ ನಾಲ್ಕು ವರ್ಷ. ಬಲ ಮಂಡಿ ಬಾತುಕೊಂಡು ಎರಡು ತಿಂಗಳಾದ ಮೇಲೆ ಜೆಐಎ, ಅಂದರೆ ಮಕ್ಕಳಿಗೆ ಬರುವ ಕೀಲು ಉರಿಯೂತ, ಅಂತ ಗೊತ್ತಾಯಿತು. ರಕ್ತದಲ್ಲಿ ಎಎನ್‌ಎ (ದೇಹದ ಜೀವಕೋಶಗಳ ಮೇಲೆಯೇ ತಿರುಗುವ ಒಂದು ಪ್ರತಿಕಾಯ) ಪಾಸಿಟಿವ್. ಮಂಡಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಈಗ ಓಡಾಡುತ್ತಿದ್ದಾಳೆ. ಕಣ್ಣು ಬೆಳ್ಳಗೆ, ಚೆನ್ನಾಗಿಯೇ ಇದೆ. ಹಾಗಿದ್ದಮೇಲೆ ಪನ್ವೇಲ್‌ನಿಂದ ಮುಂಬೈಯ ಪರೇಲ್‌ನ ಆಸ್ಪತ್ರೆವರೆಗೆ ಮಗುವನ್ನು ಸುಮ್ನೆ ಅಲೆಸಬೇಕಾ ಅಂತ ಕೇಳಿದ್ದೀರಿ.

ಆರು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಮಾತು ಬಂದಿತ್ತು. ನಾವು ಕುಂದಾಪುರ ಕಡೆಯವರು, ಇರುವುದು ಡೊಂಬಿವಲಿಯಲ್ಲಿ. ನನ್ನ ಮಗಳಿಗೆ ಆಗ ಮೂರು ವರ್ಷ ತುಂಬಿತ್ತು. ಬೆಳಿಗ್ಗೆ ಎದ್ದರೆ ಮಂಚದಿಂದ ಇಳಿಯುತ್ತಿರಲಿಲ್ಲ, ಎತ್ತಿಕೋ ಅಂತ ಕೈ ಚಾಚುತ್ತಿದ್ದಳು. ಒಂದು ತಾಸು ಕಳೆದರೆ ತಾನೇ ಓಡುತ್ತಿದ್ದಳು. ಎಲ್ಲೋ ಬಿದ್ದಿರಬೇಕು ಅಂತ ಅತ್ತೆ ಎಣ್ಣೆ ಹಚ್ಚಿ ತಿಕ್ಕಿದರು. ಆಮೇಲೆ ನಿಮ್ಮದೇ ಕಥೆ: ಒಂದೇ ಮಂಡಿ, ಜೆಐಎ, ಎಎನ್‌ಎ ಪಾಸಿಟಿವ್, ಮಂಡಿಗೆ ಇಂಜೆಕ್ಷನ್. ಮೊದಲನೇ ಸಲ ಕಣ್ಣು ತೋರಿಸಿದಾಗ ಏನೂ ಇರಲಿಲ್ಲ. ಮೂರು ತಿಂಗಳಿಗೆ ಮತ್ತೆ ಬನ್ನಿ ಅಂದರು. ಅಷ್ಟರಲ್ಲಿ ಜುಲೈ ಬಂತು, ಮಳೆ ಬಂತು, ಲೋಕಲ್ ಟ್ರೈನು ದಿನಾ ತಡ. ಮಂಡಿ ಪೂರ್ತಿ ಇಳಿದಿತ್ತು. ದೀಪಾವಳಿ ಆದಮೇಲೆ ನೋಡೋಣ ಅಂತ ನಾನೇ ಹೇಳಿದೆ. ನಡುವೆ ಒಮ್ಮೆ ಸ್ಟೇಷನ್ ಹತ್ತಿರದ ಕ್ಲಿನಿಕ್ಕಿನಲ್ಲಿ ಟಾರ್ಚ್ ಬಿಟ್ಟು ನೋಡಿ, ಏನೂ ಇಲ್ಲ ಅಂದರು. ಅದು ನನಗೆ ಸಾಕಾಯಿತು.

ಕೊನೆಗೆ ಪರೇಲ್‌ಗೆ ಹೋದಾಗ ಎಂಟು ತಿಂಗಳು ದಾಟಿತ್ತು. ಸ್ಲಿಟ್ ಲ್ಯಾಂಪ್ ಅಂತ ಒಂದು ಯಂತ್ರ ಇರುತ್ತದೆ, ಗಲ್ಲ ಊರಿ ಹಣೆ ಒತ್ತಿ ಕೂರುವುದು. ಅವಳಿಗೆ ಎತ್ತರ ಸಾಲಲಿಲ್ಲ. ಸ್ಟೂಲ್ ಮೇಲೆ ಮಂಡಿಯೂರಿ ನಿಂತಳು, ಅದೇ ಮಂಡಿ, ಒಂಚೂರು ನೋವಿಲ್ಲ. ನಾನು ಹಿಂದಿನಿಂದ ಸೊಂಟ ಹಿಡಿದುಕೊಂಡಿದ್ದೆ. ಡಾಕ್ಟರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಪಕ್ಕದ ಸ್ಕ್ರೀನಿನಲ್ಲಿ ನನಗೆ ತೋರಿಸಿದರು. ಡ್ರಾಪ್ಸ್ ಹಾಕಿದ ಮೇಲೆ ಕಣ್ಣಿನ ಪಾಪೆ ದುಂಡಗೆ ದೊಡ್ಡದಾಗಬೇಕು. ಬಲಗಣ್ಣಿನದು ಆಗಿತ್ತು. ಎಡಗಣ್ಣಿನದು ಎರಡು ಕಡೆ ಒಳಕ್ಕೆ ಚುಚ್ಚಿಕೊಂಡಿತ್ತು, ಮಕ್ಕಳು ಅಂಚು ಕಚ್ಚಿಟ್ಟ ದೋಸೆಯ ಹಾಗೆ. ಪಾಪೆಯ ಸುತ್ತ ಇರುವ ಬಣ್ಣದ ಪೊರೆ ಹಿಂದಿನ ಮಸೂರಕ್ಕೆ ಅಂಟಿಕೊಂಡಿತ್ತು. ಒಳಗೆ ಉರಿಯೂತ ತಿಂಗಳುಗಟ್ಟಲೆ ಇದ್ದರೆ ಹೀಗೆ ಅಂಟುತ್ತದೆ ಅಂದರು. ಅಷ್ಟೂ ದಿನ ಅವಳು ಒಮ್ಮೆಯೂ ಕಣ್ಣು ಉಜ್ಜಿರಲಿಲ್ಲ. ಕೆಂಪಾಗಿರಲಿಲ್ಲ, ನೀರು ಬಂದಿರಲಿಲ್ಲ.

ಇದಕ್ಕೆ ಯುವೈಟಿಸ್ ಅನ್ನುತ್ತಾರೆ. ಚಿಕ್ಕ ಮಕ್ಕಳ ಜೆಐಎಯಲ್ಲಿ ಇದು ಸದ್ದಿಲ್ಲದೆ ಬರುತ್ತದೆ. ಕಣ್ಣಿನ ಮುಂಭಾಗದ ನೀರಿನಲ್ಲಿ ಬಿಳಿ ರಕ್ತಕಣಗಳು ತೇಲುತ್ತವೆ. ಬೆಳಗಿನ ಬಿಸಿಲು ಕಿಟಕಿಯ ಸಂದಿಯಿಂದ ಬಿದ್ದಾಗ ಮಾತ್ರ ಧೂಳು ಕಾಣುತ್ತದೆ ಅಲ್ವಾ, ಹಾಗೆ ಸ್ಲಿಟ್ ಲ್ಯಾಂಪಿನ ಸಣ್ಣ ಬೆಳಕಿನ ಗೆರೆಯಲ್ಲಿ ಮಾತ್ರ ಅವು ಕಾಣುತ್ತವೆ. ಟಾರ್ಚಿಗೆ ಕಾಣುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿದರೆ ಗೊತ್ತಾಗುವುದಿಲ್ಲ. ಶಾಲೆಯ ತಪಾಸಣೆಯಲ್ಲಿ ಪಾಸಾದರೂ ಅದು ಲೆಕ್ಕಕ್ಕಿಲ್ಲ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಮಗು ಅದರಲ್ಲೇ ನಿಭಾಯಿಸಿಬಿಡುತ್ತದೆ, ಹೇಳುವುದೂ ಇಲ್ಲ.

ಈಗ ನಿಮ್ಮ ಮಗಳ ವಿಷಯ. ಯಾವ ಮಗುವಿಗೆ ಕಣ್ಣಿನ ಅಪಾಯ ಜಾಸ್ತಿ ಅಂತ ನೋಡುವಾಗ ಡಾಕ್ಟರುಗಳು ಮುಖ್ಯವಾಗಿ ಕಾಯಿಲೆಯ ಬಗೆ, ಎಎನ್‌ಎ, ಶುರುವಾದಾಗಿನ ವಯಸ್ಸು, ಶುರುವಾಗಿ ಎಷ್ಟು ವರ್ಷವಾಯಿತು ಅನ್ನುವುದನ್ನು ನೋಡುತ್ತಾರೆ. ಮೊದಲ ಆರು ತಿಂಗಳಲ್ಲಿ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಕೀಲು ಹಿಡಿದಿದ್ದರೆ ಅದನ್ನು ಆಲಿಗೋ ಅನ್ನುತ್ತಾರೆ. ಕೀಲಿನ ಲೆಕ್ಕದಲ್ಲಿ ಇದು ಹಗುರದ್ದು, ಕಣ್ಣಿನ ಲೆಕ್ಕದಲ್ಲಿ ಇದೇ ಭಾರದ್ದು. ಏಳು ವರ್ಷದೊಳಗೆ ಶುರುವಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಕಾಯಿಲೆ ಶುರುವಾದ ಮೊದಲ ನಾಲ್ಕು ವರ್ಷ ಜಾಸ್ತಿ ಎಚ್ಚರ ಬೇಕು. ಈ ಬಗೆಯಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ನೀವು ಬರೆದದ್ದನ್ನು ಇದರ ಪಕ್ಕ ಇಟ್ಟು ನೋಡಿ. ನಿಮ್ಮ ಮಗಳಿಗೆ ಎಲ್ಲವೂ ಕೂಡಿಬಂದಿವೆ. ಅಮೆರಿಕದ ರುಮಟಾಲಜಿ (ಕೀಲು ರೋಗದ) ಡಾಕ್ಟರುಗಳ ಸಂಘ 2019ರಲ್ಲಿ ಹೊರಡಿಸಿದ ಸೂಚನೆಯಲ್ಲಿ ಇಂಥ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ, ಅಪಾಯ ಕಡಿಮೆ ಇರುವ ಮಕ್ಕಳಿಗೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಅಂತಿದೆ. ನಿಮ್ಮ ಡಾಕ್ಟರು ಹೇಳಿದ್ದು ಅದೇ ಲೆಕ್ಕ.

ಎಎನ್‌ಎ ಪಾಸಿಟಿವ್ ಅಂದಕೂಡಲೇ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನ ಅಂಗಗಳ ಮೇಲೆಯೇ ತಿರುಗುವ ಕಾಯಿಲೆ) ಅಂತ ಹೆದರಬೇಡಿ, ನಾನು ಹೆದರಿ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಆರೋಗ್ಯವಾಗಿರುವ ಎಷ್ಟೋ ಮಕ್ಕಳಲ್ಲೂ ಅದು ಪಾಸಿಟಿವ್ ಬರುತ್ತದೆ. ಜೆಐಎ ಇರುವ ಮಗುವಿನಲ್ಲಿ ಅದು ಕಣ್ಣಿನ ಕಡೆ ಬೆರಳು ತೋರಿಸುತ್ತದೆ. ನೆಗೆಟಿವ್ ಬಂದರೂ ತಪಾಸಣೆ ತಪ್ಪುವುದಿಲ್ಲ, ಅಂತರ ಮಾತ್ರ ಬೇರೆಯಾಗಬಹುದು.

ನಿಮ್ಮ ನೆಂಟರ ಹುಡುಗನಿಗೆ ಕಣ್ಣು ಕೆಂಪಾಗಿ ನೋವು ಬಂದಿತ್ತು, ಇವಳಿಗೆ ಹಾಗಿಲ್ಲ ಅಂತ ಬರೆದಿದ್ದೀರಿ. ಅದು ಬೇರೆ ಬಗೆ ಇರಬಹುದು. ಸ್ವಲ್ಪ ದೊಡ್ಡ ಹುಡುಗರಲ್ಲಿ ಹಿಮ್ಮಡಿ, ಸೊಂಟ ಹಿಡಿಯುವ ಜೆಐಎ ಒಂದಿದೆ, ಅದರಲ್ಲಿ ಎಚ್‌ಎಲ್‌ಎ ಬಿ27 ಅನ್ನುವ ವಂಶವಾಹಿಯ ಪರೀಕ್ಷೆ ಹೆಚ್ಚಾಗಿ ಪಾಸಿಟಿವ್ ಇರುತ್ತದೆ. ನಮ್ಮ ದೇಶದಲ್ಲಿ ಅದು ಸಾಕಷ್ಟು ಕಾಣುತ್ತದೆ. ಅದರಲ್ಲಿ ಕಣ್ಣು ಇದ್ದಕ್ಕಿದ್ದಂತೆ ಕೆಂಪಾಗುತ್ತದೆ, ಬೆಳಕು ಚುಚ್ಚುತ್ತದೆ, ಮಗು ಅಳುತ್ತದೆ. ಹಾಗಾದರೆ ಅದೇ ದಿನ ಓಡಬೇಕು. ಒಂದು ರೀತಿಯಲ್ಲಿ ಆ ಕಣ್ಣು ತಾನೇ ಕರೆಯುತ್ತದೆ. ನಮ್ಮ ಮಕ್ಕಳ ಕಣ್ಣು ಕರೆಯುವುದಿಲ್ಲ.

ಎಲ್ಲಕ್ಕಿಂತ ನನಗೆ ಒತ್ತಿ ಹೇಳಬೇಕಾದದ್ದು ಇದು: ಮಂಡಿ ನೋಡಿ ಕಣ್ಣನ್ನು ಅಳೆಯಬೇಡಿ. ಕೀಲು ಶಾಂತವಾಗಿರುವಾಗಲೇ ಕಣ್ಣಲ್ಲಿ ಉರಿಯೂತ ಇರಬಹುದು. ಕೆಲವು ಮಕ್ಕಳಲ್ಲಿ ಮಂಡಿ ಊದುವ ಮೊದಲೇ ಕಣ್ಣಿಗೆ ಬಂದಿರುತ್ತದೆ. ರಕ್ತದಲ್ಲಿ ಉರಿಯೂತ ಅಳೆಯುವ ಇಎಸ್‌ಆರ್, ಸಿಆರ್‌ಪಿ ಪರೀಕ್ಷೆ ನಾರ್ಮಲ್ ಇದ್ದರೂ ಬರುತ್ತದೆ. ನಾನು ಆ ರಿಪೋರ್ಟ್ ನೋಡಿಯೇ ಧೈರ್ಯ ತಂದುಕೊಂಡಿದ್ದೆ. ಹಾಗೇ ಬಿಟ್ಟರೆ ಕಣ್ಣಿಗೆ ಪೊರೆ (ಕ್ಯಾಟರ್ಯಾಕ್ಟ್) ಬರುವುದು, ಕಣ್ಣಿನ ಒತ್ತಡ ಏರುವುದು, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲೆ ಸುಣ್ಣದ ಪಟ್ಟಿ, ಕೊನೆಗೆ ದೃಷ್ಟಿ ಹೋಗುವುದು ಇವೆಲ್ಲ ಬರಬಹುದು. ಬೇಗ ಸಿಕ್ಕಿದರೆ ಹೆಚ್ಚಿನ ಮಕ್ಕಳ ಕಣ್ಣು ಉಳಿಯುತ್ತದೆ. ಹೆದರಿಸಲು ಬರೆಯುತ್ತಿಲ್ಲ. ಬಂದೇ ಬರುತ್ತದೆ ಅಂತಲೂ ಅಲ್ಲ, ಅಪಾಯ ಜಾಸ್ತಿ ಇರುವ ಗುಂಪಿನಲ್ಲೂ ತುಂಬ ಮಕ್ಕಳಿಗೆ ಬರುವುದೇ ಇಲ್ಲ.

ಬಂದರೆ ಚಿಕಿತ್ಸೆ ಇದೆ. ನಮ್ಮ ಮಗಳಿಗೆ ಮೊದಲು ಸ್ಟೀರಾಯ್ಡ್ ಡ್ರಾಪ್ಸ್, ಜೊತೆಗೆ ಪಾಪೆ ಅಗಲ ಮಾಡುವ ಡ್ರಾಪ್ಸ್ ಕೊಟ್ಟರು. ಸ್ಟೀರಾಯ್ಡ್ ಡ್ರಾಪ್ಸನ್ನು ನೀವೇ ನಿಲ್ಲಿಸಬೇಡಿ, ನೀವೇ ಮುಂದುವರಿಸಲೂ ಬೇಡಿ. ಬಹಳ ದಿನ ಹಾಕಿದರೆ ಅದರಿಂದಲೇ ಒತ್ತಡ ಏರಬಹುದು, ಪೊರೆ ಬರಬಹುದು. ಆಮೇಲೆ ಉರಿಯೂತ ತಗ್ಗಿಸುವ ಮೆಥೊಟ್ರೆಕ್ಸೇಟ್ ಅನ್ನುವ ಔಷಧಿ. ಇದು ವಾರಕ್ಕೆ ಒಂದೇ ಸಲ, ದಿನಾ ಅಲ್ಲ. ನಾನು ಡಬ್ಬಿಯ ಮೇಲೆ ಮಾರ್ಕರಿನಲ್ಲಿ "ಭಾನುವಾರ ಮಾತ್ರ" ಅಂತ ಬರೆದಿಟ್ಟಿದ್ದೇನೆ, ಅತ್ತೆಗೂ ಹೇಳಿದ್ದೇನೆ. ಅದು ಸಾಲದಿದ್ದಾಗ ಅಡಾಲಿಮುಮಾಬ್ ಇಂಜೆಕ್ಷನ್ ಶುರುವಾಯಿತು, ಎರಡು ವಾರಕ್ಕೊಮ್ಮೆ. ಅದಕ್ಕೂ ಮೊದಲು ಟಿಬಿ ಪರೀಕ್ಷೆ ಮಾಡಿಸಿದರು. ಮೆಥೊಟ್ರೆಕ್ಸೇಟ್ ಜೊತೆ ಇದನ್ನು ಕೊಟ್ಟರೆ ಇಂಥ ಮಕ್ಕಳ ಕಣ್ಣಿಗೆ ಗುಣ ಹೆಚ್ಚು ಅಂತ 2017ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಪ್ರಯೋಗ ತೋರಿಸಿದೆ. ನಮ್ಮ ದೇಶದಲ್ಲೇ ತಯಾರಾಗುವ ಇದರ ಬಯೋಸಿಮಿಲರ್, ಅಂದರೆ ಮೂಲ ಔಷಧಿಯಂಥದ್ದೇ ಇನ್ನೊಂದು ಕಂಪನಿಯ ಔಷಧಿ, ಸಿಗುತ್ತದೆ. ಅಂಗಡಿಯ ಬೆಲೆ ಕೇಳಿ ಕಂಗಾಲಾಗುವ ಮೊದಲು ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ವಿಚಾರಿಸಿ.

ಔಷಧಿ ಕಡಿಮೆ ಮಾಡುವಾಗ, ನಿಲ್ಲಿಸುವಾಗ ಕಣ್ಣು ಮತ್ತೆ ಕೆರಳಬಹುದು. ಕೀಲಿನ ಡಾಕ್ಟರು ಡೋಸ್ ಬದಲಿಸಿದರೆ ಕಣ್ಣಿನ ಡಾಕ್ಟರಿಗೂ ಗೊತ್ತಿರಬೇಕು. ನನ್ನ ಅನುಭವದಲ್ಲಿ ಅವರಿಬ್ಬರ ನಡುವೆ ಚೀಟಿ ಒಯ್ಯುವವರು ನಾವೇ. ಅದಕ್ಕೇ ಒಂದೇ ಫೈಲ್ ಇಟ್ಟಿದ್ದೇನೆ. ಪ್ರತಿ ಸಲ ಎರಡೂ ಕಣ್ಣಿನ "ಸೆಲ್ಸ್" (ಆ ತೇಲುವ ಬಿಳಿ ರಕ್ತಕಣಗಳು) ಎಷ್ಟು, ಒತ್ತಡ ಎಷ್ಟು ಅಂತ ಬರೆಸಿಕೊಳ್ಳುತ್ತೇನೆ. ಮುಂದಿನ ತಾರೀಖನ್ನು ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಸುತ್ತುತ್ತೇನೆ, ಸಂಕಷ್ಟಿಯ ಪಕ್ಕದಲ್ಲೇ.

ಅವಳಿಗೆ ಈಗ ಒಂಬತ್ತು. ಎಡಗಣ್ಣಿನಲ್ಲಿ ಅಂಟಿದ ಒಂದು ಜಾಗ ಬಿಟ್ಟಿಲ್ಲ, ಆದರೆ ಓದಲು ತೊಂದರೆಯಿಲ್ಲ. ಒಂದೂವರೆ ವರ್ಷದಿಂದ ಸೆಲ್ಸ್ ಸೊನ್ನೆ.

ನಿಮ್ಮ ದೂರದ ಮಾತಿಗೆ ಬರುತ್ತೇನೆ. ಪ್ರತಿ ಸಲ ಪರೇಲ್‌ಗೇ ಹೋಗಬೇಕು ಅಂತಿಲ್ಲ. ಸ್ಲಿಟ್ ಲ್ಯಾಂಪ್ ಇರುವ, ಮಕ್ಕಳ ಕಣ್ಣು ನೋಡಿ ಅಭ್ಯಾಸವಿರುವ ಡಾಕ್ಟರು ನಿಮ್ಮ ಹತ್ತಿರವೇ ಇರಬಹುದು. ಫೋನ್ ಮಾಡಿ, "ಜೆಐಎ ಮಗು, ಯುವೈಟಿಸ್ ಇದೆಯಾ ಅಂತ ನೋಡಬೇಕು" ಅಂತ ಇಷ್ಟೇ ಹೇಳಿ, ಅವರಿಗೆ ತಿಳಿಯುತ್ತದೆ. ರಿಪೋರ್ಟನ್ನು ನಿಮ್ಮ ಕೀಲಿನ ಡಾಕ್ಟರಿಗೆ ತೋರಿಸಿದರಾಯಿತು. ಹೋಗುವಾಗ ಮಗಳಿಗೆ ಒಂದು ಅಗಲ ಅಂಚಿನ ಟೋಪಿ ಇಟ್ಟುಕೊಳ್ಳಿ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ತಾಸು ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ವಾಪಸ್ ಬರುವಾಗ ಟ್ರೈನಿನಲ್ಲಿ ಕಿಟಕಿ ಪಕ್ಕ ಕೂರಿಸಬೇಡಿ.