ಸ್ಟ್ರಾಸ್‌ಬರ್ಗ್ ಚರ್ಚಿನ ಕಣ್ಣುಪಟ್ಟಿಯ ಹೆಂಗಸು: ನ್ಯಾಯದೇವತೆಯೇ?
ಅಲ್ಲ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಚರ್ಚಿನ ಬಾಗಿಲ ಪಕ್ಕದ ಈ ಶಿಲ್ಪದ ಫೋಟೋ ಹಾಕಿ, ಕಣ್ಣಿಗೆ ಪಟ್ಟಿ ಇರುವುದರಿಂದ ನ್ಯಾಯದೇವತೆ ಎಂದಿದ್ದೀರಿ. ಅದು ‘ಸಿನಗಾಗ’, ಅಂದರೆ ಯೆಹೂದಿ ಧರ್ಮವನ್ನೇ ಹೆಣ್ಣಾಗಿ ಕಡೆದದ್ದು. ಕಾಲ 1230ರ ಆಸುಪಾಸು. ನ್ಯಾಯದೇವತೆಗೆ ಕಣ್ಣುಪಟ್ಟಿ ಬಂದದ್ದು ಅದಾದ ಎರಡೂವರೆ ಶತಮಾನದ ಮೇಲೆ, 15ನೇ ಶತಮಾನದ ಕೊನೆಗೆ.

ಕೈಗಳನ್ನು ನೋಡಿ. ತಕ್ಕಡಿಯೂ ಇಲ್ಲ, ಖಡ್ಗವೂ ಇಲ್ಲ. ಬಲಗೈಯಲ್ಲಿ ಮುರಿದ ಭರ್ಜಿ, ಎಡಗೈಯಿಂದ ಜಾರುತ್ತಿರುವ ಯೆಹೂದಿಗಳ ಪ್ರವಾದಿ ಮೋಶೆಯ ಧರ್ಮಶಾಸ್ತ್ರದ ಹಲಗೆ. ತಲೆಯ ಮೇಲೆ ಕಿರೀಟವಿಲ್ಲ, ಮುಖ ಪಕ್ಕಕ್ಕೆ ತಿರುಗಿದೆ. ಬಾಗಿಲಿನ ಆಚೆ ಬದಿಯಲ್ಲಿ ಕಿರೀಟ, ಶಿಲುಬೆ, ಪಾನಪಾತ್ರೆ ಹಿಡಿದು ನೆಟ್ಟಗೆ ನಿಂತವಳು ‘ಎಕ್ಲೇಸಿಯಾ’, ಕ್ರೈಸ್ತಸಭೆ. ಜೋಡಿಯಲ್ಲಿ ಒಬ್ಬಳನ್ನೇ ಫೋಟೋದಲ್ಲಿ ಕತ್ತರಿಸಿ ಹಾಕಿದರೆ ಅರ್ಥ ಕೆಡುವುದು ಇಲ್ಲೇ. ಪಟ್ಟಿಯ ಅರ್ಥ ‘ನಿಷ್ಪಕ್ಷಪಾತ’ ಅಲ್ಲ, ‘ಕ್ರಿಸ್ತನನ್ನು ಕಾಣದ ಕುರುಡು’. ಅಂದಹಾಗೆ ಈಗ ಬಾಗಿಲಲ್ಲಿರುವುದು ನಕಲು; ಮೂಲ ಶಿಲ್ಪಗಳು ಪಕ್ಕದ ಮ್ಯೂಸಿಯಂನಲ್ಲಿವೆ.

‘ಇಷ್ಟು ಸುಂದರವಾಗಿದ್ದಾಳಲ್ಲ, ದ್ವೇಷ ಎಲ್ಲಿ?’ ಎಂದು ಕೇಳಿದ್ದೀರಿ. ಸೋತವಳೆಂದು ತೋರಿಸುವುದೇ ಇಲ್ಲಿನ ಅವಮಾನ. ಜರ್ಮನಿಯ ವಿಟೆನ್‌ಬರ್ಗ್ ಚರ್ಚಿನ ಹೊರಗೋಡೆಯಲ್ಲಿ ಆ ಸೌಜನ್ಯವೂ ಇಲ್ಲ: ಯೆಹೂದಿಗಳು ತಮ್ಮ ಧರ್ಮಕ್ಕೆ ನಿಷಿದ್ಧವಾದ ಹಂದಿಯ ಮೊಲೆ ಚೀಪುವಂತೆ ಕೆತ್ತಿದ್ದಾರೆ. ಅದನ್ನು ತೆಗೆಸಬೇಕೆಂಬ ಮೊಕದ್ದಮೆಯನ್ನು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2022ರಲ್ಲಿ ತಳ್ಳಿಹಾಕಿತು. ಅದರ ಕೆಳಗೆ, ಕೊಲೆಯಾದ ಯೆಹೂದಿಗಳ ನೆನಪಿಗೆ ಇಟ್ಟ 1988ರ ಸ್ಮಾರಕ ಫಲಕವಿದೆ.

ಒಂದು ಎಚ್ಚರ: ಮಧ್ಯಯುಗದ ಚಿತ್ರಗಳಲ್ಲಿ ಯೆಹೂದಿಗಳನ್ನು ಗುರುತಿಸಲು ಹಾಕುತ್ತಿದ್ದ ಚೂಪು ಟೋಪಿ ಕಂಡ ಕಡೆಯೆಲ್ಲ ದ್ವೇಷ ಎನ್ನಬೇಡಿ. ಎಷ್ಟೋ ಚಿತ್ರಗಳಲ್ಲಿ ಯೇಸುವಿನ ತಾಯಿ ಮರಿಯಳ ಗಂಡ ಯೋಸೇಫನೂ ಅದನ್ನೇ ತೊಟ್ಟಿದ್ದಾನೆ.