ಪ್ಲಾಸ್ಟಿಕ್ ಹಸುವಿನಿಂದ ಕವರ್ ಉದುರುತ್ತಿದ್ದರೆ

ಹಾಲಿನ ಕವರ್, ಬಾಟಲಿ ಮುಚ್ಚಳ ಅಂಟಿಸಿ ನೀವು ಮಾಡಿದ ಹಸುವಿನ ಕಲಾಕೃತಿಯಿಂದ ಎಲ್ಲ ಉದುರುತ್ತಿದೆ, ಅದು ವಾಲುತ್ತಲೂ ಇದೆ ಅಂದಿರಲ್ಲ. ಉದುರುವುದಕ್ಕೆ ಕಾರಣ ಪ್ಲಾಸ್ಟಿಕ್ಕೇ. ಹಾಲಿನ ಕವರ್ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್, ಮುಚ್ಚಳವೂ ಹೆಚ್ಚುಕಮ್ಮಿ ಅದೇ ಜಾತಿ. ಇದರ ಮೇಲೆ ಫೆವಿಕಾಲ್ ಹಿಡಿಯುವುದಿಲ್ಲ. ಗ್ಲೂ ಗನ್ ಅಂಟು ಬಿಸಿಲಿಗೆ ಮೆತ್ತಗಾಗುತ್ತದೆ.

ಅಂಟು ಬಿಡಿ, ಕಟ್ಟಿ. ಮೊದಲು ಗುಜರಿಯಿಂದ 8 ಎಂಎಂ ಕಂಬಿ ತಂದು ಬೆನ್ನು, ಕಾಲು ವೆಲ್ಡ್ ಮಾಡಿಸಿ. ಅದರ ಮೇಲೆ ಕೋಳಿಗೂಡಿಗೆ ಹಾಕುವ ಜಾಲರಿ ಸುತ್ತಿ. ಕವರ್‌ಗಳನ್ನು ಸೋಪು ಹಾಕಿ ತೊಳೆದು ಒಣಗಿಸಿ, ಇಲ್ಲದಿದ್ದರೆ ವಾಸನೆ ತಡೆಯಲಾಗದು. ಪಟ್ಟಿ ಕತ್ತರಿಸಿ ಜಾಲರಿಯ ಕಣ್ಣಿಗೆ ಗಂಟು ಹಾಕಿ. ಮುಚ್ಚಳಕ್ಕೆ ಎರಡು ತೂತು ಕೊರೆದು ಬೈಂಡಿಂಗ್ ವೈರ್‌ನಿಂದ ಬಿಗಿಯಿರಿ.

ಹಸು ಒಂದು ಕಡೆ ವಾಲುತ್ತಿರುವುದು ಯಾಕೆ ಅಂತ ಫೋಟೊ ಇಲ್ಲದೆ ಖಚಿತವಾಗಿ ಹೇಳಲಾರೆ. ತಲೆ ಭಾರ ಜಾಸ್ತಿ ಇರಬಹುದು. ಕಾಲುಗಳನ್ನು ಅಗಲದ ದಪ್ಪ ಪ್ಲೈವುಡ್‌ಗೆ ಬೋಲ್ಟ್ ಮಾಡಿ ನೋಡಿ.

ಜನ 'ಚೆನ್ನಾಗಿದೆ' ಅಂದು ಸುಮ್ನೆ ಹೋಗುತ್ತಾರೆ ಅಂತ ಬೇಸರಪಟ್ಟಿದ್ದೀರಿ. ನನಗನ್ನಿಸುವುದು, ಪ್ಲಾಸ್ಟಿಕ್ ಈಗ ಬರೀ ಅಲಂಕಾರದ ಚರ್ಮವಾಗಿದೆ. ನಿಜವಾದ ಹಸು ಪ್ಲಾಸ್ಟಿಕ್ ತಿಂದರೆ ಅದು ಇರುವುದು ಹೊಟ್ಟೆಯಲ್ಲಿ ಅಲ್ವಾ? ಹಸುವಿನ ದೊಡ್ಡ ಹೊಟ್ಟೆ, ಅಂದರೆ ರೂಮೆನ್, ಇರುವುದು ಎಡಮಗ್ಗುಲಲ್ಲಿ. ಪಶುವೈದ್ಯರು ಕೊಯ್ದು ಪ್ಲಾಸ್ಟಿಕ್ ಉಂಡೆ ತೆಗೆಯುವುದೂ ಅಲ್ಲಿಂದಲೇ. ಎಡಕ್ಕೆ ಜಾಲರಿ ಕತ್ತರಿಸಿ, ಕೈ ಹಾಕುವಷ್ಟು ದೊಡ್ಡದಾಗಿ ತೆರೆದಿಡಿ. ಹೀಗೆ ಮಾಡುವುದಾದರೆ ಕವರ್ ಹೊರಗೆ ಕಟ್ಟುವುದು ಬೇಡ, ಮೈಗೆ ಗೋಣಿಚೀಲ ಹೊಲಿಯಿರಿ, ಕವರ್ ಎಲ್ಲ ಒಳಗಿರಲಿ. ಅವುಗಳಲ್ಲಿ ಕೆಲವಕ್ಕೆ ಒಣಹುಲ್ಲು ತುಂಬಿ ಬಾಯಿ ಗಂಟು ಹಾಕಿ. ನಾವು ಉಳಿದ ಅನ್ನವನ್ನು ಹಾಗೆ ಕಟ್ಟಿ ಎಸೆಯುವುದರಿಂದಲೇ ಹಸು ಅದನ್ನು ಕವರ್ ಸಮೇತ ನುಂಗುವುದು.