ಹಿಮ ಬಿದ್ದ ರನ್‌ವೇ ಮೇಲೆ ಚಿಕ್ಕ ವಿಮಾನ ಇಳಿಸುವುದು ಎಷ್ಟು ಅಪಾಯ?

ಕೆನಡಾದಲ್ಲಿರುವ ನಿಮ್ಮ ಅಣ್ಣನ ಮಗ ನಾಲ್ಕು ಸೀಟಿನ ಸೆಸ್ನಾ ಹಾರಿಸುತ್ತಾನೆ, ಜನವರಿಯಲ್ಲಿ ಬಂದರೆ ಕೂರಿಸಿಕೊಂಡು ಸುತ್ತಾಡಿಸುತ್ತೇನೆ ಅಂದಿದ್ದಾನೆ, ಇಳಿಯುವಾಗ ಹಿಮದಲ್ಲಿ ಜಾರುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ದಾವಣಗೆರೆಯವನು. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್ ಪಡೆದು ಎರಡು ಚಳಿಗಾಲ ಹಾರಿದ್ದೇನೆ. ಜಾರುವುದು ನಿಜ. ಆದರೆ ನಾನು ಹೆಚ್ಚು ಹೆದರಿದ್ದು ಕಣ್ಣು ಮಾಡುವ ಮೋಸಕ್ಕೆ.

ನೆಲ ಇನ್ನೆಷ್ಟು ಕೆಳಗಿದೆ ಅನ್ನುವುದು ಪೈಲಟ್‌ಗೆ ಗೊತ್ತಾಗುವುದೇ ಹುಲ್ಲು, ನೆರಳು, ಡಾಂಬರಿನ ಗೆರೆಗಳಿಂದ. ಮೋಡ ಕವಿದ ದಿನ ಹೊಸ ಹಿಮ ಬಿದ್ದಿದ್ದರೆ ಇವು ಯಾವುವೂ ಇರುವುದಿಲ್ಲ, ಆಕಾಶವೂ ನೆಲವೂ ಒಂದೇ ಬಿಳಿ. ಒಮ್ಮೆ ನೆಲ ಬಂದೇ ಬಿಟ್ಟಿತು ಅಂದುಕೊಂಡು ಮೂತಿ ಎತ್ತಿದೆ. ನೆಲ ಇನ್ನೂ ಹತ್ತಡಿ ಕೆಳಗಿತ್ತು. ವೇಗ ಸತ್ತ ವಿಮಾನ ಕುಸಿಯತೊಡಗಿದಾಗ ಪಕ್ಕದಲ್ಲಿದ್ದ ಗುರುಗಳು ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲಕ್ಕೆ ಒಯ್ದರು. ಅಂದಿನಿಂದ ರನ್‌ವೇ ಅಂಚಿನ ದೀಪಗಳನ್ನೂ ದೂರದ ಮರಗಳನ್ನೂ ಹಿಡಿದುಕೊಂಡೇ ಇಳಿಯುತ್ತಿದ್ದೆ.

ಮಂಜಿನದೂ ಇಂಥದ್ದೇ ಮೋಸ. ಚಳಿಗಾಲದ ಬೆಳಿಗ್ಗೆ ದುರ್ಗದ ಕೋಟೆ ಮೇಲೆ ನಿಂತವರಿಗೆ ಇದು ಗೊತ್ತು: ನೇರ ಕೆಳಗಿನ ಬಂಡೆ ಕಾಣುತ್ತದೆ, ಓರೆಯಾಗಿ ನೋಡಿದರೆ ಊರೇ ಇಲ್ಲ. ಮೇಲಿನಿಂದ ರನ್‌ವೇ ಚೆನ್ನಾಗಿ ಕಂಡಿತೆಂದು ನಂಬಿ ಇಳಿಯಲು ಹೊರಟರೆ ಕೊನೆಗೆ ಅದು ಮಾಯವಾಗುತ್ತದೆ.

ಇನ್ನು ಜಾರಿಕೆ. ನಮ್ಮ ಎರೆ ಹೊಲದ ದಾರಿಯಲ್ಲಿ ಮಳೆ ಬಂದ ಮೇಲೆ ಬೈಕ್ ಓಡಿಸಿದ್ದೀರಾ? ಬ್ರೇಕ್ ಮುಟ್ಟಿದರೆ ಹಿಂದಿನ ಚಕ್ರ ಅಡ್ಡ ಹೋಗುತ್ತದೆ, ಮಡ್‌ಗಾರ್ಡ್ ಒಳಗೆ ಮಣ್ಣು ಮೆತ್ತಿ ಚಕ್ರವೇ ತಿರುಗುವುದಿಲ್ಲ. ಅರೆಕರಗಿದ ಹಿಮವೂ ಹಾಗೇ. ಚಕ್ರದ ಕವಚದೊಳಗೆ ತುಂಬಿಕೊಂಡು, ಮೇಲೆ ಹಾರಿದಾಗ ಗಟ್ಟಿಯಾಗುತ್ತದೆ. ಇಳಿಯುವಾಗ ಚಕ್ರ ಕಟ್ಟಿಕೊಂಡಿದ್ದರೆ ವಿಮಾನ ಎತ್ತಲಾದರೂ ಎಳೆಯಬಹುದು. ಅದಕ್ಕೇ ಚಳಿಗಾಲದಲ್ಲಿ ಆ ಕವಚ ಬಿಚ್ಚಿಡುವವರು ಬಹಳ. ಅಡ್ಡಗಾಳಿ ಜೋರಾಗಿದ್ದು ರನ್‌ವೇ ಮೇಲೆ ಐಸ್ ಇದ್ದರೆ ನಾನಂತೂ ಅಲ್ಲಿ ಇಳಿಯುವುದಿಲ್ಲ.

ರೆಕ್ಕೆಯ ಮೇಲಿನ ಹಿಮಪದರವನ್ನು ಹಗುರವಾಗಿ ಕಾಣಬಾರದು. ಮರಳು ಕಾಗದದಷ್ಟು ಒರಟು ಇದ್ದರೂ ಸಾಕು, ಎತ್ತುವ ಬಲ ಶೇ. 30ರವರೆಗೆ ಕುಗ್ಗಿ, ಹಿಂದಕ್ಕೆ ಎಳೆಯುವ ಗಾಳಿಯ ತಡೆ ಶೇ. 40ರವರೆಗೆ ಏರಬಲ್ಲದು. ಬಾಲದ ಮೇಲೂ ಐಸ್ ಕಟ್ಟಿದ್ದರೆ ಫ್ಲ್ಯಾಪ್ (ಇಳಿಯುವಾಗ ಕೆಳಕ್ಕೆ ಬಾಗಿಸುವ, ರೆಕ್ಕೆಯ ಹಿಂದಂಚಿನ ಪಟ್ಟಿ) ಪೂರ್ತಿ ಇಳಿಸಿದಾಗ ಮೂತಿ ಥಟ್ಟನೆ ಕೆಳಗೆ ಬಾಗುವ ಅಪಾಯವಿದೆ. ಆಗ ಫ್ಲ್ಯಾಪ್ ಕಡಿಮೆ ಇಟ್ಟು ಸ್ವಲ್ಪ ಹೆಚ್ಚು ವೇಗದಲ್ಲೇ ಇಳಿಸಬೇಕು, ರನ್‌ವೇಯೂ ಉದ್ದ ಬೇಕು. ಕಾರ್ಬುರೇಟರ್ ಇರುವ ಎಂಜಿನ್ ಆದರೆ ಅದರೊಳಗೂ ಐಸ್ ಕಟ್ಟುತ್ತದೆ. ಇದಕ್ಕೆ ಕೊರೆಯುವ ಚಳಿಯೇ ಬೇಕಿಲ್ಲ, ತೇವ ಇದ್ದರೆ 15 ಡಿಗ್ರಿಯಲ್ಲೂ ಆಗಬಹುದು, ಅಂದರೆ ನಮ್ಮೂರಿನ ಡಿಸೆಂಬರ್ ಬೆಳಗಿನ ಚಳಿಯಲ್ಲೂ.

ಹೋಗಿ ಬನ್ನಿ, ಆದರೆ ಬೆಳಿಗ್ಗೆ ಹುಡುಗ ಹವಾಮಾನ ನೋಡಿ "ಇವತ್ತು ಬೇಡ" ಅಂದರೆ ಒತ್ತಾಯಿಸಬೇಡಿ. ದಪ್ಪ ಜಾಕೆಟ್, ಬೂಟು ಹಾಕಿಕೊಂಡೇ ಹತ್ತಿ, ಎಲ್ಲಾದರೂ ಹೊಲದಲ್ಲಿ ಇಳಿಯಬೇಕಾಗಿ ಬಂದರೆ ಅವೇ ಕಾಯುವುದು. ಇಂಥ ವಿಮಾನದ ಹೀಟರ್ ಎಂಜಿನ್ನಿನ ಹೊಗೆಕೊಳವೆಯ ಬಿಸಿಯಿಂದ ನಡೆಯುತ್ತದೆ. ಅಲ್ಲಿ ಬಿರುಕಿದ್ದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತದೆ. ತಲೆನೋವು, ಮಂಪರು ಅನ್ನಿಸಿದ ಕೂಡಲೇ ಅವನಿಗೆ ಹೇಳಿ. ಹೀಟರ್ ಆರಿಸಿ ಹೊರಗಿನ ಗಾಳಿ ಬಿಡುತ್ತಾನೆ.